ಬಾಯಮ್ಮನ ಅರ್ಧ ಜಪ

ನಾಶಿಕ್ ರೋಡಿನ ನಮ್ಮ ಹೋಟೆಲಿನಲ್ಲಿ ಇಡ್ಲಿ ತಿಂದವರು ಫ್ಲೇವಿಯಾ ಬಾಯಮ್ಮನನ್ನು ನೋಡಿರುವುದಿಲ್ಲ. ಅವರು ಇರುವುದು ಹಿಂದಿನ ಕೋಣೆಯಲ್ಲಿ, ಗ್ರೈಂಡರಿನ ಮುಂದೆ. ಉದ್ದು ಎಷ್ಟು ಅರೆದರೆ ಸಾಕು ಎಂದು ಬೆರಳಲ್ಲಿ ಮುಟ್ಟಿ ಹೇಳುವವರು ಅವರು. ನಮ್ಮ ಊರ ಕಡೆ ಕ್ರಿಸ್ತರ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಅವರು ಮೂಡುಬಿದಿರೆ ಕಡೆಯವರು, ನಾನು ಕುಂದಾಪುರದವನು. ನಾನು ಸಿಟ್ಟಿನ ಮನುಷ್ಯ. ಅಡುಗೆಮನೆಯಲ್ಲಿ ನನ್ನಿಂದ ಬೈಸಿಕೊಳ್ಳದವರು ಅವರೊಬ್ಬರೇ.

ಅವರ ಗಂಡ ಮಾರ್ಸೆಲ್ ಮನ್ಮಾಡಿನಲ್ಲಿ ರೈಲ್ವೆ ಫಿಟ್ಟರ್ ಆಗಿದ್ದರು. ರಿಟೈರ್ ಆದ ಮೇಲೆ ಇಬ್ಬರೂ ನಮ್ಮ ಹೋಟೆಲಿನ ಹಿಂದಿನ ಚಾಳಿನ ಒಂದು ಮನೆಗೆ ಬಂದರು. ದೀಪ ಹಚ್ಚುವ ಹೊತ್ತಿಗೆ ಆ ಮನೆಯಿಂದ ತೆರ್ಸ್ ಕೇಳಿಸುತ್ತಿತ್ತು. ತೆರ್ಸ್ ಅಂದರೆ ಜಪಮಾಲೆಯ ಪ್ರಾರ್ಥನೆ, ಕೊಂಕಣಿಯಲ್ಲಿ. ಅದನ್ನು ಇಬ್ಬರು ಹೇಳಬೇಕು. ಒಬ್ಬರು 'ನಮಾನ್ ಮರಿಯೆ' ಎಂದು ಶುರು ಮಾಡಿ ಅರ್ಧಕ್ಕೆ ನಿಲ್ಲಿಸುತ್ತಾರೆ, ಉಳಿದರ್ಧ ಎದುರಿನವರು ಹೇಳುತ್ತಾರೆ. ಬಾಯಮ್ಮ ಶುರು ಮಾಡುವುದು, ಮಾರ್ಸೆಲ್ ಮುಗಿಸುವುದು. ನನಗೆ ಅರ್ಥ ಗೊತ್ತಿಲ್ಲದಿದ್ದರೂ ಆ ಎರಡು ದನಿ ಕೇಳದಿದ್ದರೆ ಸಂಜೆ ಆಯಿತು ಅನಿಸುತ್ತಿರಲಿಲ್ಲ.

ಕೊರೊನಾದಲ್ಲಿ ಮಾರ್ಸೆಲ್ ಹೋದರು. ಆಮೇಲೆ ಬಾಯಮ್ಮನಿಗೆ ಉಳಿದರ್ಧ ಹೇಳಲು ಜನ ಇಲ್ಲ. ಸಂಭಾಜಿನಗರದಲ್ಲಿರುವ ಮಗಳು ವೆನಿಶಾ ಒಂದು ಮೊಬೈಲು ಕೊಡಿಸಿ, ಮಂಗಳೂರಿನ ಯಾವುದೋ ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ದಿನಾ ಸಂಜೆ ಬರುವ ತೆರ್ಸನ್ನು ಹಾಕಿಕೊಟ್ಟಳು. ಫೋನಿನವರು ಉಳಿದರ್ಧ ಹೇಳುತ್ತಿದ್ದರು. ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು.

ಒಂದು ಸಂಜೆ ಹಿಟ್ಟು ನೀರಾಯಿತು. ಅವರಿಂದ ಹಾಗೆ ಆದದ್ದು ನಾನು ಕಂಡಿರಲಿಲ್ಲ. ಕೂಗಲೆಂದೇ ಒಳಗೆ ಹೋದೆ. ಗ್ರೈಂಡರ್ ತಿರುಗುತ್ತಿತ್ತು, ಬಾಯಮ್ಮ ಹೆಬ್ಬೆರಳಿನಲ್ಲಿ ಫೋನು ಒತ್ತುತ್ತಿದ್ದರು.

"ಎಂತ ಬಾಯಮ್ಮ ಇದು? ಹಿಟ್ಟು ಹೊಳೆಯಾಗಿ ಓಡ್ತಾ ಉಂಟು. ಯಾರಿಗೆ ಕಾಗದ ಬರೀತಿದ್ದೀರಿ?"

"ಯಾರೋ ಬೈದಿದ್ದಾರೆ ಸದಾನಂದಣ್ಣ. ಉತ್ತರ ಕೊಡದಿದ್ದರೆ ಹೇಗೆ?"

ಫೋನು ಇಸಕೊಂಡು ನೋಡಿದೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಇಷ್ಟು ವರ್ಷ ಇಲ್ಲಿದ್ದು ಹಿಂದಿ ಓದಲು ಬರುತ್ತದೆ. ತೆರ್ಸಿನ ವಿಡಿಯೊದ ಕೆಳಗೆ ಒಬ್ಬ ಬರೆದಿದ್ದ: 'ಒಂದು ಚೀಲ ಅಕ್ಕಿಗೆ ಧರ್ಮ ಮಾರಿದವರು.' ಅದರ ಕೆಳಗಿನವನು ಅವರದೇ ಯೇಸುವಿನವನು, ಬೇರೆ ಪಂಗಡದವನಿರಬೇಕು: 'ಗೊಂಬೆಗೆ ಕೈ ಮುಗಿಯುವವರಿಗೆ ನರಕವೇ ಗತಿ.' ಇನ್ನೂ ಇದ್ದವು, ಇಲ್ಲಿ ಬರೆಯುವಂಥವಲ್ಲ. ಒಂದೊಂದರ ಕೆಳಗೂ ಬಾಯಮ್ಮ ಕನ್ನಡ ಅಕ್ಷರದಲ್ಲಿ ಒಂದೇ ಮಾತು ಬರೆದಿದ್ದರು: 'ದೇವ್ ಬರೆಂ ಕರುಂ.' ದೇವರು ಒಳ್ಳೆಯದು ಮಾಡಲಿ ಎಂದು. ಚಹಾ ಕೊಟ್ಟರೂ, ದಾರಿ ಬಿಟ್ಟರೂ ಅವರು ಹೇಳುವುದು ಅದನ್ನೇ.

ನನ್ನ ತಲೆ ಬಿಸಿಯಾಯಿತು. "ಇವನಿಗೆ ನಾನು ಬರೀತೇನೆ."

"ಬೇಡ. ನಿಮ್ಮ ಬೈಗುಳ ನನಗೆ ಗೊತ್ತುಂಟು. ನನ್ನ ಹೆಸರಿನ ಪಕ್ಕ ಮರಿಯ ಮಾತೆಯ ಫೋಟೊ ಉಂಟು."

ಗಲ್ಲಾದಲ್ಲಿ ಕೂರುವ ಜಯಕರನನ್ನು ಕರೆದೆ. ಅವನಿಗೆ ಫೋನಿನ ವಿದ್ಯೆ ಗೊತ್ತು. ನೋಡಿ ನಕ್ಕ.

"ನೀವು ಉತ್ತರ ಕೊಟ್ಟಷ್ಟೂ ಈ ಫೋನು ನಿಮಗೆ ಇಂಥದ್ದೇ ಇಷ್ಟ ಅಂತ ತಿಳ್ಕೊಳ್ತದೆ ಬಾಯಮ್ಮ. ಇನ್ನಷ್ಟು ತಂದು ಹಾಕ್ತದೆ. ಬ್ಲಾಕ್ ಮಾಡಿ ಬಿಡಿ."

"ಬಾಗಿಲಿಗೆ ಬಂದವನಿಗೆ ಒಂದು ಮಾತು ಹೇಳದೆ ಕದ ಹಾಕುದಾ ಜಯಕರ?"

"ಅವರಾಗಿ ಬಂದದ್ದಲ್ಲ. ನೀವು ಕರೆಸಿದ್ದು."

ಬಾಯಮ್ಮ ಹಿಟ್ಟಿಗೆ ಅಕ್ಕಿ ಸೇರಿಸಿ ಸರಿ ಮಾಡಿದರು. ಅಭ್ಯಾಸ ಮಾತ್ರ ಬಿಡಲಿಲ್ಲ. ಇಂಥವರಿಗೆ ಉತ್ತರ ಕೊಡಬೇಡಿ ಎಂದು ಪಾದ್ರಿಗಳು ಪ್ರವಚನದಲ್ಲಿ ಹೇಳಿದರೂ ಬಿಡಲಿಲ್ಲ. ಬೈಯುವವರಿಗೆ ಬಿಡುವು ಬಹಳ. ಇವರಿಗೆ ಅರೆಯುವುದು, ತೊಳೆಯುವುದು, ಅದರ ಮೇಲೆ ಊರೆಲ್ಲಕ್ಕೂ ಒಳ್ಳೆಯದು ಹಾರೈಸುವುದು. ಕಣ್ಣಿನ ಕೆಳಗೆ ಕಪ್ಪಾಯಿತು.

ಅಗಸ್ಟಿನಲ್ಲಿ ಒಂದು ದಿನ ಅವರೇ ಹೇಳಿದರು. "ನನ್ನಿಂದ ಜಪ ಆಗುದಿಲ್ಲ ಸದಾನಂದಣ್ಣ."

"ಯಾಕೆ, ಹುಷಾರಿಲ್ಲವಾ?"

"ಹುಷಾರುಂಟು. ನಮಾನ್ ಮರಿಯೆ ಹೇಳಿ ನಿಲ್ಲಿಸಿದ ಕೂಡಲೆ ಅವನ ಮಾತು ಬರ್ತದೆ, ಆ ಅಕ್ಕಿ ಚೀಲದವನದ್ದು. ಮಾರ್ಸೆಲ್ ಉತ್ತರ ಕೊಡ್ತಿದ್ದ ಜಾಗದಲ್ಲಿ ಈಗ ಅವನು ಕೊಡ್ತಾನೆ." ಸ್ವಲ್ಪ ಹೊತ್ತು ಕೈ ಒರೆಸಿಕೊಂಡರು. "ಅಷ್ಟು ಜನ ಹೇಳುವಾಗ ಒಮ್ಮೊಮ್ಮೆ ಅನಿಸ್ತದೆ, ನಮ್ಮ ಅಜ್ಜಂದಿರು ನಿಜವಾಗಿ ಅಕ್ಕಿಗೇ ಹೋದದ್ದೋ ಏನೋ. ಕೇಳುವ ಅಂದರೆ ಅವರು ಯಾರೂ ಈಗ ಇಲ್ಲ."

ಎದುರಿಗೆ ಸಿಕ್ಕವನಾಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದೆ. ಫೋನಿನೊಳಗೆ ಇರುವವನಿಗೆ ಎಂತ ಮಾಡುವುದು?

ಸೆಪ್ಟೆಂಬರಿನಲ್ಲಿ ಅವರಿಗೆ ಮೊಂತಿ ಹಬ್ಬ, ಮಾತೆಯ ಹುಟ್ಟಿದ ದಿನ. ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ, ಮನೆಯ ಹಿರಿಯರು ಕಾಳು ಸುಲಿದು ಹಾಲಿಗೆ ಹಾಕಿ ಎಲ್ಲರಿಗೂ ಕೊಡುತ್ತಾರೆ. ಸಂಜೆ ತೆರ್ಸ್ ನಡೆಸುವುದೂ ಹಿರಿಯರೇ. ಪ್ರತಿ ವರ್ಷ ಬಾಯಮ್ಮ ಮಗಳ ಮನೆಗೆ ಹೋಗಿ ಇದನ್ನು ಮಾಡುತ್ತಾರೆ. ಈ ವರ್ಷ ಹೋಗುವುದಿಲ್ಲ ಎಂದರು. "ಜಪ ಮಧ್ಯದಲ್ಲಿ ನಿಂತರೆ ಅಳಿಯನ ಮುಂದೆ ಮುಖ ಎಲ್ಲಿಡುದು?"

ನಾನು ಸಂಭಾಜಿನಗರದಲ್ಲಿರುವ ತಮ್ಮನ ಹೋಟೆಲಿಗೆ ಹೋಗುವುದಿತ್ತು. ತ್ರ್ಯಂಬಕೇಶ್ವರದ ದಾರಿಯ ಗದ್ದೆಯೊಂದರಿಂದ ತೆನೆ ಕೇಳಿ ತಂದುಕೊಟ್ಟವನೂ ನಾನೇ. ತೆನೆ ತಂದ ಮೇಲೆ ಹೋಗದೆ ಇರುವಂತಿಲ್ಲ ಎಂದು ಜೋರು ಮಾಡಿ ಕಾರಿಗೆ ಹತ್ತಿಸಿದೆ. ಮಡಿಲಲ್ಲಿ ತೆನೆ, ಕೈಯಲ್ಲಿ ಫೋನು. ವೈಜಾಪುರದಲ್ಲಿ ಚಹಾ ಕುಡಿಯುವಾಗಲೂ ಹೆಬ್ಬೆರಳು ನಿಲ್ಲಲಿಲ್ಲ.

ಹಬ್ಬದ ದಿನ ಮಗಳ ಮನೆಯಲ್ಲಿ ಪೂರ್ತಿ ಸಸ್ಯಾಹಾರ. ಪಲ್ಯಗಳ ಲೆಕ್ಕ ಬೆಸ ಇರಬೇಕಂತೆ. ಮೀನು ಮಾಂಸ ತಿನ್ನದ ನನ್ನನ್ನೂ ವೆನಿಶಾ ಊಟಕ್ಕೆ ನಿಲ್ಲಿಸಿಕೊಂಡಳು. "ಇವತ್ತು ನಿಮಗೆ ನೆಪ ಇಲ್ಲ ಮಾಮ." ಅಳಿಯ ಶಶಿಕಾಂತ ವೈಜಾಪುರ ಕಡೆಯ ಮರಾಠಿ ಕೆಥೊಲಿಕ, ಮಾತು ಕಡಿಮೆ. ಅವರ ಮಗಳು ಅನ್ವಿತಾ, ಎಂಟು ವರ್ಷ, ಮಾತೆಲ್ಲ ಮರಾಠಿ.

ಬಾಯಮ್ಮ ಕಾಳು ಸುಲಿದು ಹಾಲಿಗೆ ಹಾಕಿದರು, ಎಲ್ಲರಿಗೂ ಕೊಟ್ಟರು. ಆಮೇಲೆ ಚಿಕ್ಕವರು ಹಿರಿಯರ ಮುಂದೆ ಕೈ ಮುಗಿದು 'ಬೆಸಾಂವ್', ಅಂದರೆ ಆಶೀರ್ವಾದ, ಕೇಳುವ ಕ್ರಮ. ಅನ್ವಿತಾ ಬಂದು ನಿಂತಳು. "ಆಜಿ, ಬೆಸಾಂವ್ ದೇ."

ಅಷ್ಟರಲ್ಲಿ ಫೋನು ಟಿಣ್ ಎಂದಿತು. "ರಾವ್ ಪುತಾ," ನಿಲ್ಲು ಮಗಾ, ಎಂದು ಬಾಯಮ್ಮ ಫೋನಿನತ್ತ ಬಾಗಿದರು.

ಮಗು ಮುಗಿದ ಕೈ ಇಳಿಸದೆ ನಿಂತಿತು. ಅಜ್ಜಿ ತಲೆ ಎತ್ತದಿದ್ದಾಗ ಅದೂ ಬಗ್ಗಿ ನೋಡಿತು. ಶಾಲೆಯಲ್ಲಿ ಹಿಂದಿ ಕಲಿಯುವ ಮಗು. ಪಾಠ ಓದುವ ದನಿಯಲ್ಲಿ, ಒಂದೊಂದೇ ಶಬ್ದಕ್ಕೆ ಬೆರಳಿಟ್ಟು, ಅಲ್ಲಿದ್ದ ಬೈಗುಳವನ್ನು ಗಟ್ಟಿಯಾಗಿ ಓದಿತು. ಅಕ್ಕಿ ಚೀಲದ್ದು, ಅದರ ಮುಂದಿನದ್ದು ಕೂಡ. ಓದಿ ಮುಗಿಸಿ ಕೇಳಿತು: "ಆಜಿ, ಹಾ ಕೋಣ್?" ಇವನು ಯಾರು ಎಂದು.

ಶಶಿಕಾಂತ ತಟ್ಟೆ ನೋಡುತ್ತಿದ್ದ. ವೆನಿಶಾ ಸೌಟು ಹಿಡಿದು ನಿಂತಲ್ಲೇ ನಿಂತಳು. ಬಾಯಮ್ಮ ಫೋನಿನ ಮೇಲೆ ಅಂಗೈ ಮುಚ್ಚಿದರು.

"ಗೊತ್ತಿಲ್ಲ ಪುತಾ," ಎಂದರು. "ನನಗೆ ಅವನ ಗುರುತೇ ಇಲ್ಲ."

ತಾವು ಆಡಿದ ಮಾತಿಗೆ ಅವರಿಗೇ ಆಶ್ಚರ್ಯವಾದಂತೆ ಕಂಡಿತು. ಮಗು ಆಟಕ್ಕೆ ಓಡಿಹೋಗಿತ್ತು. ಬೆಸಾಂವ್ ಹಾಗೇ ಉಳಿಯಿತು. ಊಟ ಆಯಿತು, ರುಚಿ ಹೇಗಿತ್ತೆಂದು ನನಗೆ ನೆನಪಿಲ್ಲ.

ದೀಪದ ಹೊತ್ತಿಗೆ ವೆನಿಶಾ ಫೋನನ್ನು ಮಾತೆಯ ಮೂರ್ತಿಗೆ ಒರಗಿಸಿಡಲು ಹೋದಳು. ಬಾಯಮ್ಮ ಅದನ್ನು ತೆಗೆದು ಅಡುಗೆಮನೆಯ ಫ್ರಿಜ್ಜಿನ ಮೇಲೆ ಇಟ್ಟು ಬಂದರು. ಜಪಮಾಲೆ ಹಿಡಿದು ಮಂಡಿಯೂರಿ 'ನಮಾನ್ ಮರಿಯೆ' ಶುರು ಮಾಡಿದರು. ಅರ್ಧಕ್ಕೆ ನಿಲ್ಲಿಸಿದರು. ಫೋನು ಉತ್ತರ ಕೊಡುವುದಕ್ಕೆ ಎಲ್ಲರೂ ಒಗ್ಗಿಹೋಗಿದ್ದರು, ಯಾರ ಬಾಯಿಯೂ ತೆರೆಯಲಿಲ್ಲ. ಬಾಯಮ್ಮನ ಬೆರಳು ಅದೇ ಮಣಿಯ ಮೇಲೆ ನಿಂತಿರುವುದು ಬಾಗಿಲ ಬಳಿ ಕೂತ ನನಗೆ ಕಾಣುತ್ತಿತ್ತು. ಆ ಅಕ್ಕಿ ಚೀಲದವನು ಬಂದಿದ್ದಾನೆ ಎಂದು ನನಗೆ ಗೊತ್ತಾಯಿತು.

ಆಗ ಅನ್ವಿತಾ, ತಾನು ಇಗರ್ಜಿಯಲ್ಲಿ ಕಲಿತ ಹಾಗೆ, ಮರಾಠಿಯಲ್ಲಿ ಉಳಿದರ್ಧ ಹೇಳಿದಳು. "ಹೇ ಪವಿತ್ರ ಮರಿಯೆ, ದೇವಾಚ್ಯಾ ಮಾತೆ..." ಬಾಯಮ್ಮ ತಿರುಗಿ ನೋಡಿದರು. ಮತ್ತೆ ಕೊಂಕಣಿಯಲ್ಲಿ ಶುರು ಮಾಡಿದರು. ಮಗು ಮರಾಠಿಯಲ್ಲಿ ಮುಗಿಸಿತು. ಹೀಗೇ ನಡೆಯಿತು. ನಡುವೆ ಒಮ್ಮೆ ಬಾಯಮ್ಮ ಪೂರಾ ನಿಂತರು. ಅಜ್ಜಿ ಮರೆತಿದ್ದಾಳೆ ಎಂದುಕೊಂಡು ಮಗು ಗದರಿತು: "ಆಜಿ, ಪುಢೇ." ಮುಂದೆ ಹೇಳು ಎಂದು. ಹೇಳಿದರು. ಕೊನೆಗೆ ಅವರೇ ಮಗುವನ್ನು ಹತ್ತಿರ ಎಳೆದುಕೊಂಡು, ಕೇಳುವ ಮೊದಲೇ, ಮಧ್ಯಾಹ್ನದ ಬೆಸಾಂವ್ ಕೊಟ್ಟರು.

ಮರುದಿನ ಹಿಂದಿರುಗುವಾಗ ಬಾಯಮ್ಮ ಬಹಳ ಹೊತ್ತು ಹತ್ತಿಯ ಹೊಲ ನೋಡುತ್ತಿದ್ದರು.

"ಅವನು ಇಡೀ ತೆರ್ಸಿನಲ್ಲಿ ಇದ್ದ ಸದಾನಂದಣ್ಣ. ಹೋಗಲಿಲ್ಲ."

"ಮತ್ತೆ?"

"ಮತ್ತೆ ಎಂತ? ಅವನು ಇದ್ದ ಹಾಗೇ ಮುಗೀತು."

ಚೀಲದೊಳಗೆ ಫೋನು ಟಿಣ್ ಎಂದಿತು. ಅವರ ಕೈ ಚೀಲದವರೆಗೆ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ಇತ್ತು, ವಾಪಸು ಬಂತು. "ಆಯಾಸ ಆಗಿದೆ," ಎಂದರು, ಸೀಟಿಗೆ ತಲೆ ಒರಗಿಸಿದರು. "ಸಂಜೆ ಆರಕ್ಕೆ ತೆರ್ಸಿಗೆ ಫೋನು ಮಾಡು ಅಂದಿದ್ದಾಳೆ ಆ ಪುಟ್ಟಿ. ಆ ಹೊತ್ತಿಗೆ ಗ್ರೈಂಡರ್ ಸ್ವಲ್ಪ ನಿಲ್ಲಿಸಬೇಕು. ಬೈಬೇಡಿ."