ಸೂರ್ಯನಿಗೆ ಮೂರು ಸೊನ್ನೆ ಹೆಚ್ಚು

ಇರ್ಮೆಲಾ ಫೋಕೆನ್ ತೀರಿಕೊಂಡಾಗ ಪತ್ರಿಕೆಗಳು ‘ಜರ್ಮನ್ ಕಾದಂಬರಿಗಾರ್ತಿ, ವಿಜ್ಞಾನ ಪತ್ರಕರ್ತೆ’ ಎಂದು ಬರೆದವು. ಎರಡೂ ನಿಜ. ಆದರೆ ನಮ್ಮ ಲೇರ್ ಊರಿನ ಬಂದರು ಬೀದಿಯಲ್ಲಿ ಅವರು ಮೊದಲಿಗೆ ನನ್ನ ಗಿರಾಕಿ. ಪ್ರತಿ ಶುಕ್ರವಾರ ಕಾಲು ಕಿಲೋ ಅಸ್ಸಾಂ ಚಹಾಪುಡಿ, ನೂರು ಗ್ರಾಂ ಕಲ್ಲುಸಕ್ಕರೆ, ಜೊತೆಗೆ ಪುಕ್ಕಟೆಯಾಗಿ ಒಂದು ಗಂಟೆಯ ವಾದ. ಐವತ್ತು ವರ್ಷ ಚಹಾ ಮಾರಿದ ನಾನು ವಾದಕ್ಕೆ ಬೆಲೆ ಕಟ್ಟುವುದನ್ನು ಮಾತ್ರ ಕಲಿಯಲಿಲ್ಲ.

ಅವರು ತೂಬು ಕಾಯುವವನ ಮಗಳು. ಹತ್ತೊಂಬತ್ತನೇ ವಯಸ್ಸಿಗೆ ಊರಿನ ಪತ್ರಿಕೆಯಲ್ಲಿ ಬೆರಳಚ್ಚಿನ ಕೆಲಸಕ್ಕೆ ಸೇರಿದರು. ಬಂದರಿನ ನಾವಿಕರ ಜೊತೆ ಜಗಳವಾಡುತ್ತಾ ಇಂಗ್ಲಿಷ್ ಕಲಿತಿದ್ದರು. ಕಚೇರಿಗೆ ಬರುತ್ತಿದ್ದ ಅಮೆರಿಕದ ವಿಜ್ಞಾನ ವರದಿಗಳು ಉಳಿದವರಿಗೆ ಅರ್ಥವಾಗುತ್ತಿರಲಿಲ್ಲ. ಒಂದು ಶನಿವಾರ ಪುಟದಲ್ಲಿ ಜಾಗ ಖಾಲಿ ಉಳಿಯಿತು, ಇವರು ತುಂಬಿಸಿದರು. ಆಮೇಲೆ ಆ ಜಾಗವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ನಮ್ಮೂರಿನ ಹೆಂಗಸರು ಬಟ್ಟೆ ಒಣಹಾಕುತ್ತಾ ಗ್ರಹಣದ ಬಗ್ಗೆ ಮಾತಾಡತೊಡಗಿದ್ದು ಅವರಿಂದಲೇ.

ಆದರೂ ಅವರ ಕಣ್ಣು ಹ್ಯಾಂಬುರ್ಗಿನ ಮೇಲಿತ್ತು. ೧೯೮೩ರ ವಸಂತದಲ್ಲಿ ಅಲ್ಲಿನ ಒಂದು ದೊಡ್ಡ ವಾರಪತ್ರಿಕೆ ಸೂರ್ಯನ ಬಗ್ಗೆ ದೀರ್ಘ ಲೇಖನ ಕೇಳಿತು. ಅದು ಮೆಚ್ಚುಗೆಯಾದರೆ ವಿಜ್ಞಾನ ವಿಭಾಗದ ಹೊಣೆಯೇ ಅವರದು. ಮೆಚ್ಚುಗೆಯಾಯಿತು. ಸೋಮವಾರ ಹೋಗಿ ಕೆಲಸದ ಕಾಗದಕ್ಕೆ ಸಹಿ ಹಾಕುವುದಷ್ಟೇ ಬಾಕಿ. ಆ ಶುಕ್ರವಾರ ಹೊಸ ಕೋಟು ತೊಟ್ಟು, ಲೇಖನ ಅಚ್ಚಾಗಿದ್ದ ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದರು. ಹಿಂದಿನ ಕೋಣೆಯಲ್ಲಿ ನನ್ನ ಹೆಂಡತಿ ಥೇಡಾ ಚಹಾ ಇಳಿಸಿದಳು. ಇಬ್ಬರೂ ಶಾಲೆಯ ಗೆಳತಿಯರು.

ನಾನು ಓದಿದೆ. ಎರಡನೇ ಪುಟದಲ್ಲಿ ಬೆರಳು ನಿಂತಿತು.

“ಫ್ರೌ ಫೋಕೆನ್, ಸೂರ್ಯನಿಗೆ ನಾಲ್ಕೂವರೆ ಬಿಲಿಯನ್ ವರ್ಷ ಅಂತ ಬರೆದಿದ್ದೀರಿ.”

“ಹೌದು. ನಿಮಗೆ ಕಡಿಮೆ ಆಯ್ತಾ? ವ್ಯಾಪಾರಿ ಬುದ್ಧಿ.”

“ಅಮೆರಿಕದವರ ಬಿಲಿಯನ್ನೋ, ನಮ್ಮದೋ?”

ಅಮೆರಿಕದವರಿಗೆ ಬಿಲಿಯನ್ ಎಂದರೆ ನೂರು ಕೋಟಿ. ಅದಕ್ಕೆ ನಾವು ಮಿಲಿಯಾರ್ಡ್ ಅನ್ನುತ್ತೇವೆ. ನಮ್ಮ ಭಾಷೆಯಲ್ಲಿ ಬಿಲಿಯನ್ ಅಂದರೆ ಲಕ್ಷ ಕೋಟಿ. ಇಂಗ್ಲಿಷಿನಿಂದ ಅವಸರದಲ್ಲಿ ಇಳಿಸಿಕೊಳ್ಳುವಾಗ ಪದ ಹಾಗೆಯೇ ಜಾರಿ ಬಂದಿತ್ತು. ಸೂರ್ಯನ ವಯಸ್ಸು ಸಾವಿರ ಪಟ್ಟು ಏರಿತ್ತು.

ಅವರು ಬಟ್ಟಲಿನೊಳಗೆ ಚಮಚ ಇಟ್ಟುಬಿಟ್ಟರು. ನಮ್ಮಲ್ಲಿ ಚಮಚ ಇಟ್ಟರೆ ‘ಸಾಕು’ ಎಂದರ್ಥ. ಮೂರು ಬಟ್ಟಲು ಮುಗಿಯುವ ಮೊದಲು ಯಾರೂ ಇಡುವುದಿಲ್ಲ.

“ಒಂದೇ ಬಟ್ಟಲಿಗೆ ಸಾಕಾಯ್ತೇನೇ? ಯಾರು ಸತ್ರು?” ಅಂದಳು ಥೇಡಾ.

“ಯಾರೂ ಸತ್ತಿಲ್ಲ ಕಣೇ. ಸೂರ್ಯನಿಗೆ ವಯಸ್ಸಾಯ್ತು.”

ವಿಷಯ ತಿಳಿದ ಥೇಡಾ ನನ್ನನ್ನು ಒಮ್ಮೆ ಸುಡುವಂತೆ ನೋಡಿದಳು. “ಸಂಪಾದಕರು ನೋಡಿಲ್ಲ, ಅಚ್ಚು ತಿದ್ದೋರು ನೋಡಿಲ್ಲ. ಈ ಪುಡಿ ತೂಗೋ ಮನುಷ್ಯನಿಗೆ ಮಾತ್ರ ಕಾಣ್ಬೇಕಿತ್ತಾ?”

ಕಾಣಲು ಕಾರಣವಿತ್ತು. ಹೆಂಡತಿಗೂ ಹೇಳಿರದ ಸಂಗತಿಯನ್ನು ಅಂದು ಬಾಯಿಬಿಟ್ಟೆ. ಅಂಗಡಿ ಕೈಗೆ ಬಂದ ಹೊಸದರಲ್ಲಿ ನ್ಯೂಯಾರ್ಕಿನ ದಲ್ಲಾಳಿಯೊಬ್ಬ, ಜಗತ್ತಿನ ಚಹಾ ಫಸಲು ಎರಡು ಬಿಲಿಯನ್ ಪೌಂಡ್ ಎಂದು ಬರೆದಿದ್ದ. ನಮ್ಮ ಲೆಕ್ಕದಲ್ಲಿ ಓದಿ, ಭೂಮಿಯೇ ಚಹಾದಲ್ಲಿ ಮುಳುಗುತ್ತದೆ ಎಂದು ಹೆದರಿ, ದಾಸ್ತಾನನ್ನೆಲ್ಲ ಅಗ್ಗಕ್ಕೆ ತಳ್ಳಿದ್ದೆ.

“ಓ, ಅದಕ್ಕೇ ಆ ವರ್ಷ ನಮ್ಮಪ್ಪ ನಿಮ್ಮನ್ನ ಧರ್ಮಾತ್ಮ ಅಂತಿದ್ರು,” ಅಂದರು ಇರ್ಮೆಲಾ. ನಕ್ಕರು. ನಗು ಬೇಗ ಮುಗಿಯಿತು. “ಕಾಗದ ಇದ್ರೆ ಕೊಡಿ. ಓದುಗರ ಪತ್ರದ ಅಂಕಣಕ್ಕೆ ಬರೀತೀನಿ.”

“ಸೋಮವಾರ ಸಹಿ ಆಗ್ಲಿ. ಮಂಗಳವಾರ ಬರಿ,” ಅಂದಳು ಥೇಡಾ. ಒಳ್ಳೆಯ ಸಲಹೆ, ನಾನಾಗಿದ್ದರೆ ಬುಧವಾರದವರೆಗೂ ಕಾಯುತ್ತಿದ್ದೆ.

“ಸಹಿ ಮಾಡಿ ಬರೆದ್ರೆ ಅದು ಬರೀ ಸೌಜನ್ಯ ಕಣೇ. ಮೊದಲೇ ಬರೆದ್ರೆ ತಿದ್ದುಪಡಿ.”

ಚಹಾ ಕಟ್ಟುವ ಕಂದು ಕಾಗದದ ಮೇಲೆ ಬರೆದರು: ‘ನಿಮ್ಮ ಲೇಖಕಿ ಸೂರ್ಯನಿಗೆ ಮೂರು ಸೊನ್ನೆ ಹೆಚ್ಚು ಕೊಟ್ಟಿದ್ದಾರೆ. ಆ ಲೇಖಕಿ ನಾನೇ.’ ಅಂಚೆಪೆಟ್ಟಿಗೆಗೆ ಹಾಕುವ ಮುನ್ನ ಫೋನಿನಲ್ಲೂ ಹ್ಯಾಂಬುರ್ಗಿಗೆ ಓದಿ ಹೇಳಿದರು. ಆ ತುದಿಯಲ್ಲಿ ತುಂಬ ವಿನಯದಿಂದ, ಸೋಮವಾರ ಬರುವುದು ಬೇಡ, ತಿಳಿಸುತ್ತೇವೆ ಅಂದರಂತೆ. ಪತ್ರ ಅಚ್ಚಾಯಿತು. ಕೆಲಸ ಬೇರೆಯವರಿಗೆ ಹೋಯಿತು.

ಆ ಬೇಸಿಗೆ ಪೂರ್ತಿ ಅವರು ಹೊಸ ಕೋಟಿನಲ್ಲೇ ಮಾರುಕಟ್ಟೆಗೆ ಬಂದರು. ಯಾರಾದರೂ ಕೇಳಲಿ ಎಂಬ ಹಟವಿತ್ತೋ ಏನೋ, ಯಾರೂ ಕೇಳಲಿಲ್ಲ. ಚಳಿಗಾಲಕ್ಕೆ ಕಾದಂಬರಿ ಶುರುವಾಯಿತು. ನೀರಿನ ಮಟ್ಟವನ್ನು ಒಮ್ಮೆ ತಪ್ಪಾಗಿ ಬರೆದು, ಅದನ್ನು ಮುಚ್ಚಿಡುವುದರಲ್ಲೇ ಬಾಳು ಸವೆಸಿದ ತೂಬುಗಾರನ ಕಥೆ. ದೇಶವೆಲ್ಲ ಓದಿತು. ಆಮೇಲೆ ಇನ್ನೂ ನಾಲ್ಕು ಬರೆದರು. ನಾನು ಓದಿದ್ದು ಎರಡು. ಉಳಿದವನ್ನು ಥೇಡಾ ಹೇಳಿದಳು.

“ಹ್ಯಾಂಬುರ್ಗಿಗೆ ಹೋಗಿದ್ರೆ ಈ ಹೆಸರು ಬರ್ತಿತ್ತಾ?” ಅಂತ ಒಮ್ಮೆ ಸಮಾಧಾನ ಹೇಳಲು ಹೋದೆ.

“ಸುಮ್ನಿರಿ ಓನ್ಕೆನ್. ಹೋಗ್ಬೇಕು ಅಂತ ನಂಗೆ ಈಗ್ಲೂ ಆಸೆ ಇದೆ,” ಅಂದರು.

ಶನಿವಾರದ ಅಂಕಣವನ್ನು ಮಾತ್ರ ಬಿಡಲಿಲ್ಲ. ಶುಕ್ರವಾರ ತಕ್ಕಡಿಯ ಮುಂದೆ ನಿಂತು ಅದರ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ನಾನು “ಎಷ್ಟು ಸೊನ್ನೆ?” ಅನ್ನಬೇಕು, ಅವರು ಎಣಿಸಬೇಕು. ಸಾಲಿನಲ್ಲಿದ್ದವರು ಮೊದಮೊದಲು ಗೊಣಗಿದರು; ಬರಬರುತ್ತಾ ಅವರೂ ಎಣಿಸತೊಡಗಿದರು. ಚಂದ್ರನ ದೂರವನ್ನು ಹೀಗೆ ಏಳೆಂಟು ಜನ ಸೇರಿ ಪಾಸು ಮಾಡಿದ್ದುಂಟು. ಅಷ್ಟು ಗದ್ದಲದ ಶುಕ್ರವಾರಗಳು ನನ್ನ ಅಂಗಡಿಗೆ ಮತ್ತೆ ಬರಲಿಲ್ಲ.

ಅವರ ಕೊನೆಯ ವಾರ ನಾನು ಮೊಣಕಾಲು ಕುಯ್ಯಿಸಿಕೊಂಡು ಆಸ್ಪತ್ರೆಯಲ್ಲಿದ್ದೆ. ಗುರುವಾರ ಲೇಖನ ಕಳಿಸಿ, ಶುಕ್ರವಾರ ಬೆಳಿಗ್ಗೆ ಹೋಗಿಬಿಟ್ಟರು. ಶನಿವಾರ ಥೇಡಾ ಪತ್ರಿಕೆ ತಂದುಕೊಟ್ಟಳು. ನಾನು ‘ಎಷ್ಟು ಸೊನ್ನೆ?’ ಅಂತ ಕೇಳದೆ ಅಚ್ಚಾದದ್ದು, ಅಳುಕುತ್ತಲೇ ಬಿಡಿಸಿದೆ. ಮಂಜಿನ ಬಗ್ಗೆ ಬರೆದಿದ್ದರು. ಅಳತೆಯಿಲ್ಲದ ಮಾತು ಬರೆಯುವವರನ್ನು ಕಂಡರೆ ಆಗದ ಆ ಹೆಂಗಸು, ಒಂದು ಹನಿ ಮಳೆಯಾಗಲು ಮಂಜಿನ ಎಷ್ಟು ಕಣ ಸೇರಬೇಕು ಎಂಬಲ್ಲಿ ‘ತುಂಬಾ’ ಎಂದು ಬರೆದು ಮುಂದೆ ಹೋಗಿದ್ದರು. ಲೇಖನದಲ್ಲಿ ಎಲ್ಲೂ ಒಂದೂ ಅಂಕಿ ಇರಲಿಲ್ಲ.