ಕೆಸರಕ್ಕನ ಇಟ್ಟಿಗೆ

ಎಲ್ಲರೂ ಅವಳನ್ನು ಕರೆಯುವುದು ಕೆಸರಕ್ಕ ಎಂದೇ. ಅದಕ್ಕೆ ಅವಳಿಗೇನೂ ಬೇಸರವಿಲ್ಲ. ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಕೆಸರಿನ ಗುಂಡಿ ಬಳಿದವಳನ್ನು ಮತ್ತೇನು ಮಲ್ಲಿಗೆಯಕ್ಕ ಎನ್ನುತ್ತಾರೆಯೇ?

ಗರಗಸ ಕಲ್ಲನ್ನು ಸೀಳುವಾಗ ಮೇಲಿಂದ ನೀರು ಬೀಳುತ್ತದೆ. ಕಲ್ಲಿನ ಹುಡಿ ಆ ನೀರಿನೊಂದಿಗೆ ಹಾಲಿನಂತೆ ಹರಿದು ಗುಂಡಿ ಸೇರುತ್ತದೆ. ಅದನ್ನೆತ್ತಿ ಹಿಂದಿನ ಬಯಲಿಗೆ ಸುರಿಯುವುದು ಅವಳ ಕೆಲಸ. ಸುರಿದು ಸುರಿದು ಅಲ್ಲೊಂದು ಗುಡ್ಡವೇ ಎದ್ದಿತ್ತು. ಗಾಳಿ ಬೀಸಿದರೆ ಸಾಕು, ಸುತ್ತಲಿನ ಬೀದಿಗಳಲ್ಲಿ ಒಣಹಾಕಿದ ಬಟ್ಟೆಗೆಲ್ಲ ಪುಕ್ಕಟೆ ಪೌಡರ್. ಜನ ಬೈಯುತ್ತಿದ್ದದ್ದು ಕಾರ್ಖಾನೆಯನ್ನಲ್ಲ, ಇವಳನ್ನು.

ಒಂದು ದಿನ ಸಿಮೆಂಟಿನ ಚೀಲವೊಂದು ಹರಿದು ಗುಂಡಿಯ ಅಂಚಿಗೆ ಚೆಲ್ಲಿತು. ವಾರ ಕಳೆದು ನೋಡಿದರೆ ಅಲ್ಲಿ ಸಲಿಕೆ ಇಳಿಯಲೇ ಇಲ್ಲ. ಈ ಕೆಸರಿನಲ್ಲೇ ಇಟ್ಟಿಗೆ ಮಾಡಬಹುದಲ್ಲ ಎಂದು ಅವತ್ತೇ ತಲೆಯಲ್ಲಿ ಹುಳ ಹೊಕ್ಕಿತು. ನೇರ ಮಾಲೀಕರ ಮುಂದೆ ಹೋಗಿ ನಿಂತಳು. ಅವರು ಒಂದು ಹಳೆಯ ಶೆಡ್ಡು, ಕೈಯಿಂದ ಒತ್ತುವ ಯಂತ್ರ, ಜೊತೆಗೆ ಮೂವರು ಹೆಂಗಸರನ್ನು ಕೊಟ್ಟರು.

"ನಮ್ಮ ಕಾಂಪೌಂಡ್ ಗೋಡೆ ಇದರಲ್ಲೇ ಕಟ್ಟಿಸ್ತೀನಿ. ಆದ್ರೆ ನಿಮ್ಮ ಯಜಮಾನ್ರು ಒಪ್ಪಬೇಕು. ಅವರು ಬೇಡ ಅಂದ್ರೆ ಶೆಡ್ಡಿಗೆ ಬೀಗ," ಎಂದರು.

ತೊಡಕಿದ್ದದ್ದೇ ಅಲ್ಲಿ. ಅವಳ ಗಂಡ ಮೇಸ್ತ್ರಿ, ಮೂವತ್ತು ವರ್ಷದಿಂದ ಗೋಡೆ ಎಬ್ಬಿಸುತ್ತ ಬಂದವನು. ಕರಣೆ ಹಿಡಿದರೆ ದೇವರಂಥ ಮನುಷ್ಯ, ಬಾಯಿ ಬಿಟ್ಟರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವನು ಬೇಡವೆಂದ ಇಟ್ಟಿಗೆಯನ್ನು ಊರಿನಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಕಲ್ಲಿನ ಹುಡಿ, ಮರಳು, ಸಿಮೆಂಟು ಕಲಸಿ ಮೊದಲ ನೂರು ಇಟ್ಟಿಗೆ ಒತ್ತಿದರು. ಮೇಸ್ತ್ರಿ ಬಾಗಿಲಲ್ಲೇ ನಿಂತು, "ಇಟ್ಟಿಗೆ ಅಂದ್ಮೇಲೆ ಚೆನ್ನಾಗಿ ಬಿಸಿಲು ಕಾಣಬೇಕು ಕಣೇ," ಎಂದ. ಹತ್ತು ದಿನ ಸುಡುಬಿಸಿಲಿಗಿಟ್ಟರು. ಹನ್ನೊಂದನೆಯ ದಿನ ಅವನೇ ಒಂದನ್ನೆತ್ತಿ ಸೊಂಟದೆತ್ತರದಿಂದ ಬಿಟ್ಟ. ಅದು ಪುಡಿಪುಡಿಯಾಯಿತು.

"ಇದು ಇಟ್ಟಿಗೆ ಅಲ್ಲ, ರಸ್ಕು. ಟೀಗೆ ಅದ್ಕೊಂಡು ತಿನ್ನಬಹುದು," ಎಂದು ಹೊರಟೇಹೋದ.

ಕೆಸರಕ್ಕನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮಾರನೆಯ ದಿನ ಶೆಡ್ಡು ಖಾಲಿ ಮಾಡಲು ಹೋದಳು. ಮೂಲೆಯಲ್ಲಿ ಸೋರುವ ಪೈಪಿನ ಕೆಳಗೆ ಅಂಕುಡೊಂಕಾಗಿದೆಯೆಂದು ಎಸೆದಿದ್ದ ನಾಲ್ಕು ಇಟ್ಟಿಗೆ ನೆನೆಯುತ್ತ ಬಿದ್ದಿದ್ದವು. ಸಿಟ್ಟಿನಿಂದ ಒಂದನ್ನೆತ್ತಿ ನೆಲಕ್ಕೆ ಅಪ್ಪಳಿಸಿದಳು. ಒಡೆಯಲಿಲ್ಲ. ಮತ್ತೆ ಅಪ್ಪಳಿಸಿದಳು. ಊಹೂಂ!

ಆಗ ಹೊಳೆಯಿತು. ಇದು ಗೂಡಿನಲ್ಲಿ ಬೇಯುವ ಮಣ್ಣಿನ ಇಟ್ಟಿಗೆಯಲ್ಲ, ಇದನ್ನು ಹಿಡಿದಿರುವುದು ಸಿಮೆಂಟು. ಸಿಮೆಂಟಿಗೆ ಬೇಕಾದದ್ದು ನೀರು. ದಿನಾ ತನ್ನ ಗೋಡೆಗೆ ಮೂರು ಹೊತ್ತು ನೀರು ಹಾಕಿಸುವ ಮೇಸ್ತ್ರಿಗೇ ಅದು ಹೊಳೆದಿರಲಿಲ್ಲ! ಅವಳು ಒಬ್ಬಳೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಾಲೀಕರನ್ನು ಕಾಡಿಬೇಡಿ ಒಂದು ತಿಂಗಳು ಪಡೆದಳು. ಹೊಸ ಇಟ್ಟಿಗೆಗಳನ್ನು ನೆರಳಲ್ಲಿಟ್ಟು, ಒದ್ದೆ ಗೋಣಿ ಹೊದಿಸಿ, ನಾಲ್ಕು ವಾರ ಹಸುಗೂಸುಗಳಂತೆ ನೋಡಿಕೊಂಡಳು.

ಪರೀಕ್ಷೆಯ ದಿನ ಮಾಲೀಕರ ಎದುರಿಗೇ ಮೇಸ್ತ್ರಿ ಒಂದು ಇಟ್ಟಿಗೆಯನ್ನು ಸೊಂಟದೆತ್ತರದಿಂದ ಬಿಟ್ಟ. ಏನೂ ಆಗಲಿಲ್ಲ. ಹೆಗಲೆತ್ತರದಿಂದ ಬಿಟ್ಟ. ಏನೂ ಆಗಲಿಲ್ಲ. ಹಟಕ್ಕೆ ಬಿದ್ದು ಸ್ಟೂಲು ಹತ್ತಿ ತಲೆಯ ಮೇಲಿಂದ ಎತ್ತಿ ಹಾಕಿದ. ಇಟ್ಟಿಗೆಯ ಮೂಲೆ ಚೂರು ಮುಕ್ಕಾಯಿತು, ಕೆಳಗಿದ್ದ ನೆಲದ ಹಾಸು ಬಿರುಕುಬಿಟ್ಟಿತು. ಮೂವರು ಹೆಂಗಸರೂ ಸೆರಗು ಬಾಯಿಗಿಟ್ಟು ನಕ್ಕರು.

ಮೇಸ್ತ್ರಿ ಸ್ಟೂಲಿನ ಮೇಲಿಂದಲೇ ಕೇಳಿದ. "ಯಾರೇ ಹೇಳಿಕೊಟ್ಟಿದ್ದು?"

"ಸೋರೋ ಪೈಪು."

ಅವನು ಇಳಿದು ಇಟ್ಟಿಗೆಯನ್ನು ಅಂಗೈಯಿಂದ ಒರೆಸಿದ. "ಬಿಸಿಲಿಗಿಡು ಅಂದಿದ್ದು ನಾನೇ ಅಲ್ವಾ? ನಂದೇ ತಪ್ಪು ಕಣೇ," ಎಂದ. ಮದುವೆಯಾದಂದಿನಿಂದ ಆ ಬಾಯಲ್ಲಿ ಈ ಮಾತು ಬಂದದ್ದು ಅದೇ ಮೊದಲು.

ಮಾಲೀಕರ ಮುಖ ಅರಳಿತು. "ಹಾಗಾದ್ರೆ ನಾಳೆಯಿಂದ ಶುರು ಮಾಡಿ. ಗೋಡೆ ಎಷ್ಟು ಎತ್ತರ ಇರಲಿ, ಮೇಸ್ತ್ರಿ?"

"ನನ್ನ ಯಾಕೆ ಕೇಳ್ತೀರಿ ಸಾರ್? ಈ ಗೋಡೆಗೆ ಮೇಸ್ತ್ರಿ ಅವಳು. ನಾನು ಬರೀ ಕಟ್ಟೋನು."

ಎಲ್ಲರೂ ತನ್ನ ಮಾತಿಗಾಗಿ ಕಾಯುತ್ತಿದ್ದಾರೆಂದು ಕೆಸರಕ್ಕನಿಗೆ ಅರಿವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಎಂಟಡಿ ಇರಲಿ," ಎಂದಳು.