ಉಂಬಳ ಕುಡಿಯದ ರಕ್ತ

ಮಾವ ಬಿಳಿಚಿಕೊಳ್ಳುತ್ತ ಬಂದಾಗ ನಾವೆಲ್ಲ ಉಂಬಳದ ಮೇಲೆ ಗೂಬೆ ಕೂರಿಸಿದೆವು. ನಮ್ಮೂರು ಕೆರೆಕಟ್ಟೆಯಲ್ಲಿ ಮಳೆಗಾಲದಲ್ಲಿ ಗದ್ದೆಗೆ ಇಳಿದವರ ಕಾಲಿಗೆ ಈ ಜಿಗಣೆ ಕಚ್ಚಿ ರಕ್ತ ಸುರಿಯುವುದು ಯಾರಿಗೂ ಸುದ್ದಿಯಲ್ಲ. ಆದರೆ ಉಂಬಳದ ಸುಳಿವೇ ಇಲ್ಲದ ಬೇಸಿಗೆಯಲ್ಲೂ ಅವರಿಗೆ ಕೊಟ್ಟಿಗೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಏದುಸಿರು.

ಶೃಂಗೇರಿಯ ಡಾಕ್ಟರು ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ದಿನಾ ಅದನ್ನು ನುಂಗುತ್ತಿದ್ದರೂ ಒಂದು ದಿನ ಮಾವ ಕೊಟ್ಟಿಗೆಯಲ್ಲಿ ಕುಸಿದರು. ಕೊಪ್ಪದ ಆಸ್ಪತ್ರೆಯಲ್ಲಿ ರಕ್ತ ಏರಿಸುತ್ತ ಡಾಕ್ಟರು, "ಮಲದಲ್ಲಿ ರಕ್ತ ಹೋಗುತ್ತಾ?" ಎಂದು ಕೇಳಿದರು. ಮಾವ ಒಮ್ಮೆ ನನ್ನ ಕಡೆ ನೋಡಿ, "ಎಂತ ಇಲ್ಲ ಮಾರಾಯ್ರೆ" ಎಂದರು. ನಾನು ಹೊರಗೆ ಹೋಗಿ ನಿಂತೆ. ಆಗ ನಿಜ ಹೊರಬಿತ್ತು. ವರ್ಷದಿಂದ ಆಗಾಗ ಹೋಗುತ್ತಿತ್ತಂತೆ. ಕೆಂಪಾದರೆ ಉಷ್ಣ, ಕಪ್ಪಾದರೆ ಮಾತ್ರೆಯ ಬಣ್ಣ ಎಂದುಕೊಂಡಿದ್ದರಂತೆ. ಸೊಸೆಯೆದುರು ಆಡಲಾರದ ಮಾತು, ಗೊತ್ತು. ಆದರೂ ನನಗೆ ಸಿಟ್ಟು ಬಂತು.

ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಹೊಟ್ಟೆ ಖಾಲಿ ಮಾಡಿಸಿ, ಕ್ಯಾಮೆರಾ ಇರುವ ಕೊಳವೆಯನ್ನು ದೊಡ್ಡ ಕರುಳಿಗೆ ಇಳಿಸಿದರು. ಕ್ಯಾನ್ಸರ್ ಅಲ್ಲ, ವಯಸ್ಸಾದ ಮೇಲೆ ಕರುಳಿನ ಒಳಗೋಡೆಯಲ್ಲಿ ರಕ್ತನಾಳಗಳು ಉಬ್ಬಿ, ತೆಳುವಾಗಿ, ಸೋರುತ್ತವೆ ಎಂದರು. ಅದೇ ಕೊಳವೆಯಿಂದ ಗ್ಯಾಸ್ ಬಿಟ್ಟು, ಕರೆಂಟಿನಲ್ಲಿ ಸೋರುವ ಜಾಗವನ್ನು ಸುಟ್ಟರು. ಫೋಟೋದಲ್ಲಿದ್ದ ಕೆಂಪು ಚುಕ್ಕೆ ನೋಡಿ ಮಾವ, "ಇದೂ ಉಂಬಳ ಕಚ್ಚಿದಂಗೇ ಉಂಟಲ್ಲ" ಎಂದರು. ತಮ್ಮ ವಾದ ಅವರು ಸುಲಭಕ್ಕೆ ಬಿಡುವವರಲ್ಲ.

"ಮತ್ತೆ ಬೇರೆ ಕಡೆ ಸೋರಬಹುದು. ದಿನಾ ಮಲದ ಬಣ್ಣ ನೋಡಿಕೊಳ್ಳಿ. ಕಂಡ ದಿನವೇ ಹೇಳಬೇಕು, ಮುಚ್ಚಿಟ್ಟರೆ ಜೀವಕ್ಕೇ ಅಪಾಯ" ಎಂದು ಡಾಕ್ಟರು ಕಳಿಸಿದರು.

ಹೇಳುವುದು ಯಾರಿಗೆ? ಅತ್ತೆ ಇಲ್ಲ. ನನ್ನ ಗಂಡನಿಗೆ ನರಸಿಂಹರಾಜಪುರದಲ್ಲಿ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. ಉಳಿದವಳು ನಾನು. ಬೆಳಿಗ್ಗೆ ಕಾಫಿ ಕೊಡುವಾಗ "ಹೇಗಿದೆ ಮಾವ?" ಎಂದು ಕೇಳುತ್ತಿದ್ದೆ. ಅವರು ಗೋಡೆ ನೋಡಿಕೊಂಡು "ಸರಿ ಉಂಟು" ಎನ್ನುತ್ತಿದ್ದರು. ಒಂದು ದಿನವೂ ನಾನು ನಂಬಲಿಲ್ಲ. ಅವರು ಹೇಳದೆಯೇ ಹೋಗಿಬಿಡುತ್ತಾರೆ ಎಂಬ ಹೆದರಿಕೆ ನನ್ನನ್ನು ಬಿಟ್ಟಿರಲಿಲ್ಲ.

ಮೊನ್ನೆ ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ, ನಾನಿನ್ನೂ ಒಲೆ ಹಚ್ಚುತ್ತಿದ್ದೆ. ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ನಾನು ಕೇಳುವ ಮೊದಲೇ ನನ್ನ ಮುಖ ನೋಡಿ ಹೇಳಿದರು:

"ಕಾಫಿ ಇರಲಿ. ಇವತ್ತು ಕೆಂಪು."